ದಕ್ಷಿಣದ ನಕ್ಷತ್ರಗಳಿಗೆ ಅಂಟಿದ ಹೆಸರು

ನಮ್ಮಲ್ಲಿ ದಕ್ಷಿಣ ದಿಕ್ಕಿಗೆ ಒಳ್ಳೆಯ ಹೆಸರಿಲ್ಲ. ಅದು ಯಮನ ದಿಕ್ಕು. ದೇವರ ಮುಂದಿನ ದೀಪ ಆ ಕಡೆ ಮುಖ ಮಾಡಬಾರದು. ಮನೆಯ ತಲೆಬಾಗಿಲು ಆ ಕಡೆ ಇರಬಾರದು. ಇದ್ದರೆ ಬಾಡಿಗೆಯನ್ನು ತುಸು ಇಳಿಸಿ ಕೇಳುವವರೂ ಉಂಟು. ಇದೆಲ್ಲ ನೆಲದ ಮೇಲಿನ ಮಾತಾಯಿತು. ಆಕಾಶದ ವಿಷಯದಲ್ಲೂ ನಾವು ಇದೇ ಭೇದ ಮಾಡುತ್ತ ಬಂದಿದ್ದೇವೆ, ಪಂಚಾಂಗ ಬರೆದವರೂ ಪಾಠಪುಸ್ತಕ ಬರೆದವರೂ ಇದರಲ್ಲಿ ಒಂದೇ ಪಂಕ್ತಿಯವರು ಎಂಬುದು ನನ್ನ ದೂರು. ನಾನು ಕನ್ನಡ, ಸಮಾಜ ಕಲಿಸುವವಳು, ವಿಜ್ಞಾನದವಳಲ್ಲ. ಆದರೆ ಓದಿದ್ದಕ್ಕೂ ಕಂಡಿದ್ದಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುವುದಕ್ಕೆ ಬಿ.ಎಸ್ಸಿ. ಬೇಕಿಲ್ಲ, ಬೇಸಗೆಯ ಕೊನೆಯಲ್ಲಿ ತಾರಸಿಯ ಮೇಲೆ ಒಂದು ಚಾಪೆ ಇದ್ದರೆ ಸಾಕು.

ಮೊದಲು ಪಾಠಪುಸ್ತಕದ ಮಾತು. ಎನ್.ಸಿ.ಇ.ಆರ್.ಟಿ.ಯ 8ನೆಯ ತರಗತಿಯ ವಿಜ್ಞಾನ ಪುಸ್ತಕವೊಂದು ಬಹಳ ವರ್ಷ ಶಾಲೆಗಳಲ್ಲಿ ನಡೆಯಿತು. ಅದರಲ್ಲಿ ನಕ್ಷತ್ರಗಳ ಪಾಠ ಇತ್ತು. ಸಪ್ತರ್ಷಿ ಮಂಡಲ, ಮಹಾವ್ಯಾಧ, ಕ್ಯಾಸಿಯೋಪಿಯ, ಸಿಂಹ ಎಂದು ಕೆಲವು ಪುಂಜಗಳ ಪರಿಚಯ ಮಾಡಿಸಿ, ಧ್ರುವ ನಕ್ಷತ್ರವನ್ನು ಹುಡುಕುವ ಬಗೆಯನ್ನು ಚಿತ್ರ ಬರೆದು ತೋರಿಸಿದ್ದರು. ಪಾಠ ಅಚ್ಚುಕಟ್ಟಾಗಿಯೇ ಇದೆ. ಹೊರಗೆ ಹೋಗಿ ನೋಡಿ ಎಂದು ಮಕ್ಕಳಿಗೆ ಹೇಳುವುದೂ ಒಳ್ಳೆಯದೇ. ಆದರೆ ಅದು ದೆಹಲಿಯ ಆಕಾಶ. ಧ್ರುವ ನಕ್ಷತ್ರ ಯಾವ ಊರಿನಲ್ಲಿ ಎಷ್ಟು ಎತ್ತರದಲ್ಲಿ ಕಾಣುತ್ತದೆಯೋ ಅದೇ ಆ ಊರಿನ ಅಕ್ಷಾಂಶ. ದೆಹಲಿಯಲ್ಲಿ ಅದು 28 ಡಿಗ್ರಿಗೂ ಮೇಲೆ ನಿಲ್ಲುತ್ತದೆ. ನಮ್ಮ ದಾವಣಗೆರೆಯಲ್ಲಿ 14 ಡಿಗ್ರಿಯ ಆಸುಪಾಸು. ಕೈಯನ್ನು ಮುಂದಕ್ಕೆ ನೀಡಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಅಂದರೆ ನಮ್ಮ ಧ್ರುವ ನೆಲದಿಂದ ಒಂದೂವರೆ ಮುಷ್ಟಿ ಮೇಲೆ, ಎದುರು ಮನೆಯವರ ನೀರಿನ ಟ್ಯಾಂಕಿನ ಹಿಂದೆ. ಎಷ್ಟೋ ಮಕ್ಕಳು ಪಾಠ ಓದಿ, ಪರೀಕ್ಷೆ ಬರೆದು, ಅದನ್ನು ಕಾಣದೆಯೇ ಪಾಸಾಗುತ್ತಾರೆ.

ಉತ್ತರದಲ್ಲಿ ನಾವು ಕಳೆದುಕೊಂಡದ್ದನ್ನು ದಕ್ಷಿಣ ನಮಗೆ ಬಡ್ಡಿ ಸಮೇತ ಕೊಟ್ಟಿದೆ. ಅದನ್ನು ಮಾತ್ರ ಪಾಠ ಹೇಳುವುದಿಲ್ಲ.

ಮೇ ತಿಂಗಳ ನಡುವಿನ ಒಂದು ರಾತ್ರಿ, ಒಂಬತ್ತೂವರೆಗೆ, ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಅಮಾವಾಸ್ಯೆಯ ಆಚೆ ಈಚೆ ಆದರೆ ಒಳ್ಳೆಯದು. ಹಿಂದಿನ ದಿನ ಒಂದು ಅಡ್ಡಮಳೆ ಬಂದು ಧೂಳು ತೊಳೆದಿದ್ದರೆ ಇನ್ನೂ ಒಳ್ಳೆಯದು. ತಲೆಯ ಮೇಲಿನಿಂದ ತುಸು ದಕ್ಷಿಣಕ್ಕೆ ಚಿತ್ತಾ ನಕ್ಷತ್ರ ಬೆಳ್ಳಗೆ ಹೊಳೆಯುತ್ತಿರುತ್ತದೆ. ಅದರ ಬಲಕ್ಕೆ, ಕೊಂಚ ಕೆಳಗೆ, ಓರೆಯಾದ ಚೌಕದ ಹಾಗೆ ನಾಲ್ಕು ನಕ್ಷತ್ರ, ಅದು ಹಸ್ತಾ. ಹಸ್ತಾ, ಚಿತ್ತಾ ಎಂದರೆ ನಮ್ಮ ಕಡೆಯವರಿಗೆ ಮಳೆಯ ಹೆಸರು. ಸೂರ್ಯ ಆ ನಕ್ಷತ್ರದಲ್ಲಿದ್ದಾಗ ಬರುವ ಮಳೆಗೆ ಆ ಹೆಸರು, ಸೂರ್ಯ ಅಲ್ಲಿದ್ದಾಗ ನಕ್ಷತ್ರ ಕಾಣುವುದಿಲ್ಲ. ಹಾಗಾಗಿ ಹಸ್ತಾ ಮಳೆಯಲ್ಲಿ ನೆನೆದವರೆಲ್ಲ ಹಸ್ತಾ ನಕ್ಷತ್ರ ಕಂಡವರಲ್ಲ! ಇರಲಿ. ಹಸ್ತಾದಿಂದ ನೇರ ಕೆಳಕ್ಕೆ ನಾಲ್ಕು ಮುಷ್ಟಿ ಇಳಿಯಿರಿ. ಅಲ್ಲಿ, ದಿಗಂತದ ಸಮೀಪ, ಗಾಳಿಪಟದ ಆಕಾರದಲ್ಲಿ ನಾಲ್ಕು ನಕ್ಷತ್ರ ನೆಟ್ಟಗೆ ನಿಂತಿರುತ್ತವೆ. ಪಶ್ಚಿಮದವರು ಅದನ್ನು ದಕ್ಷಿಣದ ಶಿಲುಬೆ ಎನ್ನುತ್ತಾರೆ. ನಮ್ಮ ನಕ್ಷತ್ರ ಪುಸ್ತಕಗಳಲ್ಲಿ ಅದರ ಹೆಸರು ತ್ರಿಶಂಕು.

ಒಂದು ಸೊಗಸಾದ ಸಂಗತಿ ಹೇಳುತ್ತೇನೆ. ಈ ತ್ರಿಶಂಕು ನೆಟ್ಟಗೆ ನಿಂತ ಹೊತ್ತಿನಲ್ಲಿ ಅದರ ನಡುಭಾಗ ನಮ್ಮ ಊರಿನಿಂದ ಸುಮಾರು ಒಂದೂವರೆ ಮುಷ್ಟಿ ಎತ್ತರದಲ್ಲಿ ಇರುತ್ತದೆ. ಬೆನ್ನ ಹಿಂದೆ, ಉತ್ತರದಲ್ಲಿ, ಧ್ರುವನೂ ಅಷ್ಟೇ ಎತ್ತರ. ಒಂದು ಕಡೆ ತಂದೆಯ ತೊಡೆ ಸಿಗದೆ ತಪಸ್ಸು ಮಾಡಿ ಅಚಲ ಪದವಿ ಪಡೆದ ಹುಡುಗ, ಇನ್ನೊಂದು ಕಡೆ ಸ್ವರ್ಗದ ಬಾಗಿಲಿನಿಂದ ನೂಕಿಸಿಕೊಂಡ ಅರಸ. ನಮ್ಮ ಊರು ಇಬ್ಬರನ್ನೂ ಸಮನಾಗಿ ಎತ್ತಿ ಹಿಡಿದಿದೆ. ದೆಹಲಿಯಲ್ಲಿ ಈ ನಾಲ್ಕರಲ್ಲಿ ಕೆಳಗಿನ, ಎಲ್ಲಕ್ಕಿಂತ ಹೊಳಪಿನ ನಕ್ಷತ್ರ ಮೂಡುವುದೇ ಇಲ್ಲ. ಲಂಡನ್ನಿನಲ್ಲಿ ಇಡೀ ಪುಂಜವೇ ಇಲ್ಲ.

ನಾನು ಹೇಳಿದ ಹೊತ್ತು ಮೇ ನಡುವಿನದು. ನಕ್ಷತ್ರಗಳು ದಿನಕ್ಕೆ ನಾಲ್ಕು ನಿಮಿಷ ಬೇಗ ಬರುತ್ತವೆ. ಆದ್ದರಿಂದ ಮೇ ಮೊದಲಲ್ಲಿ ಹತ್ತು ಗಂಟೆ ದಾಟಬೇಕು, ಕೊನೆಯ ವಾರಕ್ಕೆ ಎಂಟೂವರೆ ಸಾಕು, ಅಡಿಗೆಮನೆಯ ಕೆಲಸ ಮುಗಿಯುವ ಮೊದಲೇ ಬಂದು ನಿಂತಿರುತ್ತದೆ. ಒಂದು ಎಚ್ಚರಿಕೆಯೂ ಬೇಕು. ಪಶ್ಚಿಮಕ್ಕೆ, ಅಂದರೆ ಬಲಗಡೆಗೆ, ಇಂಥದೇ ಇನ್ನೊಂದು ನಾಲ್ಕರ ಗುಂಪು ಇದೆ. ಅದು ಹುಸಿ ಶಿಲುಬೆ. ನಿಜವಾದದ್ದಕ್ಕೆ ಎಡಗಡೆಯಲ್ಲಿ ಇಬ್ಬರು ಕಾವಲುಗಾರರಿದ್ದಾರೆ, ಎರಡು ಪ್ರಕಾಶಮಾನ ನಕ್ಷತ್ರ. ಹುಸಿಯದಕ್ಕೆ ಕಾವಲಿಲ್ಲ.

ಆ ತ್ರಿಶಂಕುವಿನ ಕಥೆಯನ್ನು ನಾವು ಓದಿಕೊಂಡಿರುವ ರೀತಿಯ ಮೇಲೆ ನನಗೆ ಬಹಳ ಆಕ್ಷೇಪ ಇದೆ. ಚುನಾವಣೆಯಲ್ಲಿ ಯಾರಿಗೂ ಬಹುಮತ ಬಾರದಿದ್ದರೆ ಪತ್ರಿಕೆಗಳು ತ್ರಿಶಂಕು ವಿಧಾನಸಭೆ ಎಂದು ಬರೆಯುತ್ತವೆ. 2004ರಲ್ಲೂ ಬರೆದವು, 2018ರಲ್ಲೂ ಬರೆದವು. ಹೆಂಗಸರಾದ ನಾವೂ ಕಡಿಮೆಯಿಲ್ಲ. ತವರಿಗೂ ಗಂಡನ ಮನೆಗೂ ನಡುವೆ, ಕಚೇರಿಗೂ ಅಡಿಗೆಮನೆಗೂ ನಡುವೆ ನಮ್ಮದು ತ್ರಿಶಂಕು ಸ್ಥಿತಿ ಎಂದು ಎಷ್ಟು ಕಥೆ, ಎಷ್ಟು ಭಾಷಣ ಆಗಿಹೋಗಿವೆ! ಅತ್ತಲೂ ಇಲ್ಲ, ಇತ್ತಲೂ ಇಲ್ಲ, ನಡುವೆ ಜೋತಾಡುವುದು ಎಂಬಷ್ಟೇ ಅರ್ಥ. ಕಥೆ ಅಷ್ಟಕ್ಕೇ ನಿಲ್ಲುವುದಿಲ್ಲ. ವಾಲ್ಮೀಕಿಯ ಬಾಲಕಾಂಡ ತೆಗೆದು ನೋಡಿ. ಇದೇ ದೇಹದಲ್ಲಿ ಸ್ವರ್ಗಕ್ಕೆ ಹೋಗಬೇಕೆಂದು ಹಟ ಹಿಡಿದವನು ತ್ರಿಶಂಕು, ನಮ್ಮ ಹರಿಶ್ಚಂದ್ರನ ತಂದೆ. ವಸಿಷ್ಠರು ಆಗದು ಎಂದರು, ಅವರ ಮಕ್ಕಳು ಶಪಿಸಿದರು, ವಿಶ್ವಾಮಿತ್ರ ಯಜ್ಞ ಮಾಡಿ ಕಳಿಸಿದ, ಇಂದ್ರ ತಲೆಕೆಳಗಾಗಿ ನೂಕಿದ. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಮುಂದೆ ವಿಶ್ವಾಮಿತ್ರ ಸಿಟ್ಟಿನಿಂದ ದಕ್ಷಿಣದಲ್ಲಿ ಬೇರೆ ಸಪ್ತರ್ಷಿಗಳನ್ನು, ಬೇರೆ ನಕ್ಷತ್ರಗಳನ್ನು ಸೃಷ್ಟಿಸುತ್ತಾನೆ. ದೇವತೆಗಳು ಹೆದರಿ ರಾಜಿಗೆ ಬರುತ್ತಾರೆ. ಹೊಸ ನಕ್ಷತ್ರಗಳು ಜ್ಯೋತಿಶ್ಚಕ್ರದ ದಾರಿಯ ಹೊರಗೆ ಹೀಗೆಯೇ ಇರಲಿ, ತ್ರಿಶಂಕು ಅವುಗಳ ನಡುವೆ ಹೊಳೆಯುತ್ತಿರಲಿ ಎಂದು ಒಪ್ಪಿಕೊಳ್ಳುತ್ತಾರೆ.

ನೋಡಿ, ಎಷ್ಟು ಸರಿಯಾಗಿ ಬರೆದಿದ್ದಾರೆ! ಸೂರ್ಯ ಚಂದ್ರರು ನಡೆಯುವ ದಾರಿಯಿಂದ ದೂರ, ದಕ್ಷಿಣದ ಅಂಚಿನಲ್ಲಿ, ಆದರೆ ಗಟ್ಟಿಯಾಗಿ. ಆಕಾಶ ನೋಡಿದವರು ಮಾತ್ರ ಕಟ್ಟಬಹುದಾದ ಕಥೆ ಇದು. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ತೂಗುವುದರಿಂದ ಈ ನಕ್ಷತ್ರಗಳು ದಕ್ಷಿಣಕ್ಕೆ ಸರಿದಿವೆ; ಸಾವಿರಾರು ವರ್ಷಗಳ ಹಿಂದೆ ಉತ್ತರ ಭಾರತದಿಂದಲೂ ಚೆನ್ನಾಗಿ ಕಾಣುತ್ತಿದ್ದವು. ಅಲ್ಲಿಯವರು ಕಾಣುವುದನ್ನು ಕಳೆದುಕೊಂಡರು, ಕಾಣುವ ನಾವು ನೋಡುವುದನ್ನು ಬಿಟ್ಟೆವು. ಉಳಿದದ್ದು ಒಂದು ಬೈಗುಳದಂಥ ಮಾತು. ಇನ್ನು ಮುಂದೆ ಯಾರಾದರೂ ನಿಮ್ಮದು ತ್ರಿಶಂಕು ಸ್ಥಿತಿ ಎಂದರೆ, ತನಗೆಂದೇ ಒಂದು ಆಕಾಶ ಕಟ್ಟಿಸಿಕೊಂಡವನ ಸ್ಥಿತಿಯೇ ಎಂದು ಕೇಳಬಹುದು.

ಎಡಗಡೆಯ ಕಾವಲುಗಾರರಲ್ಲಿ ಹೊರಗಿನವನು ಆಲ್ಫಾ ಸೆಂಟಾರಿ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನಕ್ಷತ್ರ ಕುಟುಂಬ ಅದು, ಬೆಳಕು ಅಲ್ಲಿಂದ ಇಲ್ಲಿಗೆ ಬರಲು ನಾಲ್ಕು ವರ್ಷಕ್ಕೆ ಸ್ವಲ್ಪ ಹೆಚ್ಚು. ಅದು ಒಂದಲ್ಲ ಎರಡು ಎಂದು ದೂರದರ್ಶಕದಲ್ಲಿ ಮೊದಲು ಕಂಡದ್ದು ಎಲ್ಲಿ ಗೊತ್ತೇ? ಪುದುಚೇರಿಯಲ್ಲಿ. 1689ರ ಡಿಸೆಂಬರಿನಲ್ಲಿ ಜ್ಯಾಂ ರಿಶೋ ಎಂಬ ಫ್ರೆಂಚ್ ಪಾದ್ರಿ ಒಂದು ಧೂಮಕೇತುವನ್ನು ನೋಡುತ್ತಿದ್ದಾಗ ಇದು ಜೋಡಿ ಎಂದು ಗುರುತಿಸಿದ. ಒಂದು ದೊಡ್ಡ ವಿಷಯ ನಮ್ಮ ಪಕ್ಕದಲ್ಲೇ ನಡೆದಿದ್ದರೂ ಅದು ನಮ್ಮ ಪಾಠಗಳಲ್ಲಿ ಬರುವುದಿಲ್ಲ. ತಮಿಳುನಾಡಿನ ಕಾವಲೂರಿನಲ್ಲಿ ವೇಣು ಬಪ್ಪು ಅವರು ವೀಕ್ಷಣಾಲಯ ಕಟ್ಟಿಸಿದ್ದರಲ್ಲಿ ಒಂದು ಕಾರಣ ಇದೇ, ಅಲ್ಲಿಂದ ದಕ್ಷಿಣದ ಆಕಾಶ ಬಹಳಷ್ಟು ಕಾಣುತ್ತದೆ. 1986ರಲ್ಲಿ ಉದ್ಘಾಟನೆಯಾದ ಅಲ್ಲಿನ ದೊಡ್ಡ ದೂರದರ್ಶಕಕ್ಕೆ ಅವರದೇ ಹೆಸರಿದೆ. ಅದನ್ನು ನಡೆಸುವ ಸಂಸ್ಥೆ ಇರುವುದು ಬೆಂಗಳೂರಿನ ಕೋರಮಂಗಲದಲ್ಲಿ.

ಚಿತ್ತಾದಿಂದ ನೇರ ಕೆಳಕ್ಕೆ ಮೂರೂವರೆ ಮುಷ್ಟಿ ಇಳಿದರೆ ಒಂದು ಮಸುಕು ಚುಕ್ಕೆ ಇದೆ. ಊರಿನ ದೀಪಗಳಿಂದ ದೂರ ಇದ್ದರೆ ಬರಿಗಣ್ಣಿಗೆ ಕಾಣುತ್ತದೆ, ಮನೆಯಲ್ಲಿ ಬೈನಾಕ್ಯುಲರ್ ಇದ್ದರೆ ರವೆ ಚೆಲ್ಲಿದ ಹಾಗೆ ದುಂಡಗೆ. ಒಮೆಗಾ ಸೆಂಟಾರಿ ಎಂಬ ಆ ಗುಚ್ಛದಲ್ಲಿ ಸುಮಾರು ಒಂದು ಕೋಟಿ ನಕ್ಷತ್ರಗಳಿವೆ. ಮೇ ಮೊದಲ ವಾರ ಏಳೂವರೆಗೇ ತಾರಸಿಗೆ ಬರುವವರಿಗೆ ನೈರುತ್ಯದಲ್ಲಿ ಲುಬ್ಧಕ, ಅವನ ಕೆಳಗೆ ಎಡಕ್ಕೆ ಅಗಸ್ತ್ಯ, ಮುಳುಗುವ ಆತುರದಲ್ಲಿ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅಗಸ್ತ್ಯನಿಗೆಂದೇ ಒಂದು ಅಧ್ಯಾಯ ಇದೆ. ಅವನ ಉದಯ ಊರೂರಿಗೆ ಬೇರೆ, ಆಯಾ ಊರಿಗೆ ಗಣಿತ ಮಾಡಿ ಹೇಳಬೇಕು ಎಂದು ಆ ಪುಣ್ಯಾತ್ಮ ಅಂದೇ ಬರೆದಿಟ್ಟಿದ್ದಾನೆ. ಈಗಿನ ಪಾಠದವರಿಗೆ ಆ ಒಂದು ವಿವೇಕ ಇದ್ದಿದ್ದರೆ!

ಇನ್ನು ಪಂಚಾಂಗದವರ ಕಡೆಗೆ ಬರುತ್ತೇನೆ. ಮೇ ಕೊನೆಯ ವಾರ ಹತ್ತೂವರೆಗೆ ಆಗ್ನೇಯಕ್ಕೆ ನೋಡಿದರೆ ಇಡೀ ವೃಶ್ಚಿಕ ಎದ್ದು ನಿಂತಿರುತ್ತದೆ. ಆಕಾಶದ ಪುಂಜಗಳಲ್ಲಿ ಹೆಸರಿಗೂ ಆಕಾರಕ್ಕೂ ಇಷ್ಟು ಹೊಂದಿಕೆ ಇರುವವು ಕಡಿಮೆ, ಯಾರಾದರೂ ಚೇಳು ಎಂದೇ ಹೇಳುತ್ತಾರೆ. ತಲೆಯ ನಕ್ಷತ್ರಗಳು ಅನೂರಾಧಾ. ಎದೆಯಲ್ಲಿ ಕೆಂಪಗೆ ಉರಿಯುವುದು ಜ್ಯೇಷ್ಠಾ. ಸೂರ್ಯನ 600 ಪಟ್ಟಿಗೂ ಹೆಚ್ಚು ಅಗಲ, ಅದನ್ನು ತಂದು ಸೂರ್ಯನ ಜಾಗದಲ್ಲಿಟ್ಟರೆ ಭೂಮಿ, ಮಂಗಳ ಎರಡನ್ನೂ ನುಂಗಿಬಿಡುತ್ತದೆ. ಬಾಲ ಕೆಳಗೆ ಬಳುಕಿ ಮೇಲೆ ತಿರುಗಿದ ಕಡೆ, ಕೊಂಡಿಯಲ್ಲಿ, ಅಕ್ಕತಂಗಿಯರಂತೆ ಎರಡು ನಕ್ಷತ್ರ. ಅದು ಮೂಲಾ.

ಮೂಲಾ ಎಂಬ ಹೆಸರು ಕೇಳಿದ ಕೂಡಲೇ ಎಷ್ಟು ಮನೆಗಳಲ್ಲಿ ಮಾತು ನಿಂತುಹೋಗುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಮೂಲಾ ಹುಡುಗಿ ಮಾವನಿಗೆ ಆಗದು, ಆಶ್ಲೇಷಾ ಅತ್ತೆಗೆ ಆಗದು, ಜ್ಯೇಷ್ಠಾ ಭಾವನಿಗೆ, ವಿಶಾಖಾ ಮೈದುನನಿಗೆ. ಮಾವ ಇಲ್ಲದ ಮನೆ ಇದ್ದರೆ ನೋಡಿ ಎಂದು ದಲ್ಲಾಳಿಗೆ ಹೇಳಿಡುವ ತಂದೆತಾಯಿಯರನ್ನು ನಾನು ಕಂಡಿದ್ದೇನೆ. ಹುಟ್ಟಿದ ಹೊತ್ತನ್ನೇ ತಿದ್ದಿಸಿ ಬೇರೆ ಜಾತಕ ಬರೆಸುವವರೂ ಇದ್ದಾರೆ. ಮಗಳು ಆಮೇಲೆ ಜೀವಮಾನವಿಡೀ ಸುಳ್ಳು ಹುಟ್ಟುಗಳಿಗೆಯನ್ನು ನೆನಪಿಟ್ಟುಕೊಳ್ಳಬೇಕು. ತಮಿಳಿನಲ್ಲಿ ಒಂದು ಗಾದೆಯಿದೆಯಂತೆ, ಮೂಲಾದಲ್ಲಿ ಗಂಡು ಹುಟ್ಟಿದರೆ ಅರಸನಾಗುತ್ತಾನೆ, ಹೆಣ್ಣು ಹುಟ್ಟಿದರೆ ಮನೆ ನಿರ್ಮೂಲ ಎಂದು. ನಕ್ಷತ್ರ ಒಂದೇ!

ನಮ್ಮ ಶಾಲೆಯಲ್ಲಿ ಓದಿದ ಒಬ್ಬ ಹುಡುಗಿಗೆ ಮೂರು ಕಡೆ ಮಾತು ಮುಂದುವರಿದು ಜಾತಕದ ಹತ್ತಿರ ನಿಂತಿತು. ಬುದ್ಧಿವಂತೆ, ಕೈಯಲ್ಲಿ ಕೆಲಸವಿದ್ದವಳು. ಒಂದು ಸಂಜೆ ಮನೆಗೆ ಬಂದು, "ಮೇಡಂ, ಆ ಮೂಲಾ ನಕ್ಷತ್ರ ಅಂದ್ರೆ ಯಾವ್ದು? ಒಂದ್ಸಲ ತೋರ್ಸ್ರಿ" ಎಂದಳು. ಊಟ ಮುಗಿಸಿ ಕಾದು, ಹನ್ನೊಂದು ಗಂಟೆಗೆ ತೋರಿಸಿದೆ. ಸುಮಾರು ಹೊತ್ತು ಸುಮ್ಮನೆ ನೋಡಿದಳು. ಎಷ್ಟು ದೂರ ಎಂದು ಕೇಳಿದಳು. ನೂರಾರು ವರ್ಷ ಬೆಳಕು ಓಡಬೇಕು ಎಂದೆ. "ಅಷ್ಟ್ ದೂರದಿಂದ ಹರಿಹರದಾಗಿರೋ ಮಾವನ್ನ ಹುಡ್ಕೊಂಡು ಬರ್ತತೇನ್ರಿ ಇದು?" ಎಂದು ನಕ್ಕಳು. ನಾನೂ ನಕ್ಕೆ. ಆದರೆ ಅವಳನ್ನು ಬೇಡವೆಂದ ಮೂರು ಮನೆಯವರಲ್ಲಿ ಒಬ್ಬರೂ ಈ ನಕ್ಷತ್ರವನ್ನು ಕಣ್ಣಿನಿಂದ ನೋಡಿರಲಾರರು ಎಂಬ ಯೋಚನೆ ಬಂದು ನಗು ಇಳಿದುಹೋಯಿತು.

ಮೂಲಾದಲ್ಲಿ ಹುಟ್ಟುವುದು ಎಂದರೆ ಏನು? ಹುಟ್ಟಿದ ಹೊತ್ತಿಗೆ ಚಂದ್ರ ತನ್ನ ದಾರಿಯ 27 ಭಾಗಗಳಲ್ಲಿ ಮೂಲಾ ಎಂಬ ಭಾಗದಲ್ಲಿ ಇದ್ದ ಎಂದಷ್ಟೇ. ಪ್ರತಿ ತಿಂಗಳೂ ಹೆಚ್ಚುಕಡಿಮೆ ಒಂದು ದಿನ ಅವನು ಅಲ್ಲಿ ಇರುತ್ತಾನೆ. 54 ಹುಡುಗಿಯರ ಒಂದು ತರಗತಿಯಲ್ಲಿ ಲೆಕ್ಕಕ್ಕೆ ಇಬ್ಬರು ಮೂಲಾದವರು. ಆ ನಾಲ್ಕೂ ದೂರಿನ ನಕ್ಷತ್ರ ಸೇರಿಸಿದರೆ ಎಂಟು. ಹಾಜರಿ ಕರೆಯುವಾಗ ನಾನು ಎಷ್ಟೋ ಸಲ ಈ ಎಂಟು ಯಾರಿರಬಹುದು ಎಂದು ಮುಖ ನೋಡಿದ್ದೇನೆ. ಗುರುತು ಸಿಗುವುದಿಲ್ಲ. ಇನ್ನೊಂದು ವಿಷಯ ಕೇಳಿ. ಚಂದ್ರ ಸೂರ್ಯನ ದಾರಿಯಿಂದ ಆಚೆ ಈಚೆ 5 ಡಿಗ್ರಿಗಿಂತ ಹೆಚ್ಚು ಸರಿಯುವವನಲ್ಲ. ಮೂಲಾದ ಮುಖ್ಯ ನಕ್ಷತ್ರ ಆ ದಾರಿಯಿಂದ 13 ಡಿಗ್ರಿಗೂ ಹೆಚ್ಚು ದಕ್ಷಿಣಕ್ಕಿದೆ. ಎಂದರೆ ಯಾವ ಮೂಲಾ ದಿನವೂ ಚಂದ್ರ ಆ ನಕ್ಷತ್ರವನ್ನು ಮುಟ್ಟುವುದಿಲ್ಲ, ಮುಕ್ಕಾಲು ಮುಷ್ಟಿಯಾದರೂ ಮೇಲಿನಿಂದ ಹಾದು ಹೋಗುತ್ತಾನೆ. ಹುಡುಗಿಗೆ ಅಂಟಿಸಿದ ನಕ್ಷತ್ರ ಅವಳ ಚಂದ್ರನಿಗೇ ಅಂಟಿಲ್ಲ.

ನಮ್ಮ ಹಬ್ಬಗಳನ್ನಾದರೂ ನೋಡಿ. ಜ್ಯೇಷ್ಠ ಮಾಸಕ್ಕೆ ಆ ಹೆಸರು ಬಂದದ್ದೇ ಆ ತಿಂಗಳ ಹುಣ್ಣಿಮೆಯ ಚಂದ್ರ ಜ್ಯೇಷ್ಠಾ ನಕ್ಷತ್ರದ ನೆರೆಯಲ್ಲಿ ತುಂಬುವುದರಿಂದ. ಅದೇ ನಮ್ಮ ಕಾರಹುಣ್ಣಿಮೆ. ಎತ್ತುಗಳಿಗೆ ಬಣ್ಣ ಬಳಿದು ಮೆರೆಸುತ್ತೇವೆ. ಉತ್ತರ ಕರ್ನಾಟಕದ ಕಡೆ ಅದೇ ದಿನ ಆಲದ ಮರಕ್ಕೆ ದಾರ ಸುತ್ತಿ ಗಂಡಂದಿರ ಆಯುಸ್ಸಿಗಾಗಿ ವಟಸಾವಿತ್ರಿ ವ್ರತ ಮಾಡುತ್ತಾರೆ. ಗಂಡನ ಆಯುಸ್ಸು ಬೇಡುವುದಕ್ಕೆ ಒಳ್ಳೆಯದಾದ ಚಂದ್ರ ಭಾವನ ಆಯುಸ್ಸಿಗೆ ಮಾತ್ರ ಕೆಟ್ಟವನು ಹೇಗಾದಾನು? ಪಂಚಾಂಗ ಬರೆಯುವವರ ಗಣಿತದ ಬಗ್ಗೆ ನನಗೆ ಗೌರವವಿದೆ, ಗ್ರಹಣದ ಹೊತ್ತನ್ನು ನಿಮಿಷಕ್ಕೆ ಸರಿಯಾಗಿ ಹೇಳುತ್ತಾರೆ. ಆ ಗಣಿತದ ಪಕ್ಕದ ಕಾಲಂನಲ್ಲಿ ಹುಡುಗಿಯರ ಮೇಲೆ ಹೊರಿಸುವ ದೋಷಕ್ಕೆ ಮಾತ್ರ ಯಾವ ಗಣಿತವೂ ಇಲ್ಲ. ನೋಡದೆ ಒಪ್ಪುವ ಅಭ್ಯಾಸ ನಮಗೆ ಮದುವೆಯ ಚಪ್ಪರದಲ್ಲೇ ಆಗುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಪುರೋಹಿತರು ಅರುಂಧತಿಯನ್ನು ತೋರಿಸುತ್ತಾರೆ, ನಾವೆಲ್ಲ ಕಂಡಿತು ಎನ್ನುತ್ತೇವೆ.

ಮೂಲ ಎಂದರೆ ಬೇರು. ಆಕಾಶಗಂಗೆ ವೃಶ್ಚಿಕದ ಬಾಲದ ಬಳಿ ಬಹಳ ದಟ್ಟವಾಗುತ್ತದೆ. ಮೂಲಾದಿಂದ ಒಂದು ಮುಷ್ಟಿಗೂ ಕಡಿಮೆ ದೂರದ ದಿಕ್ಕಿನಲ್ಲೇ ನಮ್ಮ ಇಡೀ ನಕ್ಷತ್ರಲೋಕದ ಕೇಂದ್ರವಿದೆ, ಇಲ್ಲಿಂದ ಸುಮಾರು 26,000 ಜ್ಯೋತಿರ್ವರ್ಷ ಆಚೆ. ಇದನ್ನು ತಿಳಿದೇ ಹಿಂದಿನವರು ಆ ಹೆಸರಿಟ್ಟರು ಎಂದು ವೇದಿಕೆಯ ಮೇಲೆ ಹೇಳುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ, ಕಾಕತಾಳೀಯ ಎನ್ನುವುದೇ ಪ್ರಾಮಾಣಿಕತೆ. ಆದರೆ ಆ ಕೇಂದ್ರದಲ್ಲಿ ಅಡಗಿರುವ ಭಾರಿ ಕಪ್ಪುಕುಳಿಯನ್ನು ಅದರ ಸುತ್ತ ತಿರುಗುವ ನಕ್ಷತ್ರಗಳ ಓಟದಿಂದ ಪತ್ತೆ ಮಾಡಿದ ಇಬ್ಬರಲ್ಲಿ ಒಬ್ಬರು ಹೆಂಗಸು, ಅಮೆರಿಕದ ಆಂಡ್ರಿಯಾ ಗೆಜ್. ಜರ್ಮನಿಯ ರೈನ್‌ಹಾರ್ಡ್ ಗೆಂಜೆಲ್ ಇನ್ನೊಬ್ಬರು. 2020ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಭೌತವಿಜ್ಞಾನದಲ್ಲಿ ಆ ಬಹುಮಾನ ಪಡೆದ ನಾಲ್ಕನೆಯ ಮಹಿಳೆ ಆಕೆ. ವರ್ಷಗಟ್ಟಲೆ ಮೂಲಾದ ಪಕ್ಕವನ್ನೇ ನೋಡುತ್ತಿದ್ದರು.

ಜೂನ್ ಬಂದರೆ ಮೋಡ ಮುಚ್ಚುತ್ತದೆ, ತ್ರಿಶಂಕುವನ್ನು ಮತ್ತೆ ಸಂಜೆ ಹೊತ್ತಿಗೆ ಕಾಣಲು ಮುಂದಿನ ಬೇಸಗೆಯವರೆಗೆ ಕಾಯಬೇಕು. ಮೂಲಾ ಹಾಗಲ್ಲ. ಮಳೆ ಮುಗಿದು ನವರಾತ್ರಿ ಬಂದಾಗಲೂ ಸಂಜೆ ಏಳು ಗಂಟೆಗೆ ನೈರುತ್ಯದಲ್ಲಿ ಇರುತ್ತದೆ. ಆ ಹಬ್ಬದಲ್ಲಿ ಸರಸ್ವತಿಯನ್ನು ಆವಾಹನೆ ಮಾಡುವುದು ಯಾವ ನಕ್ಷತ್ರದಲ್ಲಿ? ಮೂಲಾ ನಕ್ಷತ್ರದಲ್ಲಿಯೇ. ಮಕ್ಕಳ ಪುಸ್ತಕಗಳನ್ನು ಜೋಡಿಸಿಟ್ಟು, ಅರಿಶಿನ ಕುಂಕುಮ ಏರಿಸಿ, ಓದುವುದನ್ನೂ ನಿಲ್ಲಿಸುತ್ತೇವೆ. ಆ ಸಂಜೆ ಪೂಜೆ ಮುಗಿಸಿ ಮನೆಯ ಹೆಣ್ಣುಮಕ್ಕಳನ್ನು ಕರೆದುಕೊಂಡು ತಾರಸಿಗೆ ಹೋಗಿ. ಚಂದ್ರ ಅಲ್ಲಿಯೇ ಇರುತ್ತಾನೆ, ಅವನ ಕೆಳಗೆ ಒಂದು ಮುಷ್ಟಿಯ ಆಸುಪಾಸಿನಲ್ಲಿ ಆ ಜೋಡಿ ನಕ್ಷತ್ರ.